ಒಂದರಿಂದ ಏಳು ಅಂದ್ರೆ ಎಷ್ಟು ಡಿಗ್ರಿ? ಫ್ರಿಜ್ಜು ವಿನ್ಯಾಸ ಮಾಡುವವರಿಗೊಂದು ಬಹಿರಂಗ ಪತ್ರ

ಮನೆಬಳಕೆಯ ಫ್ರಿಜ್ಜಿನ ನಕ್ಷೆ ಬರೆಯುವ ಎಲ್ಲ ಇಂಜಿನಿಯರರಿಗೆ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯವಳು. ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ನಮ್ಮ ಮನೆ. ನಮ್ಮದು ಯಾವ ಕಂಪೆನಿಯ ಫ್ರಿಜ್ಜು ಅಂತ ಬರೆಯುವುದಿಲ್ಲ. ಯಾಕಂದ್ರೆ ದೂರು ಒಂದು ಕಂಪೆನಿಯ ಮೇಲಲ್ಲ. ತಂಗಿಯ ಮನೆಯಲ್ಲಿರುವುದು ಬೇರೆ ಕಂಪೆನಿಯದ್ದು, ಅಲ್ಲಿಯೂ ಇದೇ ಕಥೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಎರಡು ದಿನ ಬಿಡದೆ ಹಾಲು ಒಡೆಯಿತು. ಹಾಲಿನ ಪ್ಯಾಕೆಟ್ ಇಡುವುದು ಬಾಗಿಲಿನ ತಟ್ಟೆಯಲ್ಲಿ, ನೀವೇ ಅದಕ್ಕೆ ಅಂತ ಮಾಡಿಕೊಟ್ಟ ಜಾಗದಲ್ಲಿ. ತಂಪು ಸಾಲುವುದಿಲ್ಲ ಅಂದುಕೊಂಡು ಒಳಗಿನ ತಿರುಗಣೆಯನ್ನು ಮೂರರಿಂದ ಐದಕ್ಕೆ ತಿರುಗಿಸಿದೆ. ಮರುದಿನ ಬೆಳಿಗ್ಗೆ ಮಾವನಿಗೆ ಇನ್ಸುಲಿನ್ ಕೊಡುವ ಹೊತ್ತು. ಮಕ್ಕಳ ಕೈಗೆ ಸಿಗಬಾರದು ಅಂತ ಬಾಟಲಿಯನ್ನು ಮೇಲಿನ ತಟ್ಟೆಯ ಹಿಂಬದಿಯಲ್ಲಿ, ಮೊಸರಿನ ಪಾತ್ರೆಯ ಹಿಂದೆ ಇಟ್ಟಿದ್ದೆ. ತೆಗೆದು ಓರೆ ಮಾಡಿ ನೋಡಿದರೆ ಒಳಗಿನ ಮದ್ದು ಅಲ್ಲಾಡಲೇ ಇಲ್ಲ. ಐಸು! ಇನ್ನೂ ಒಡೆಯದ ಎರಡನೆಯ ಬಾಟಲಿಯೂ ಹಾಗೆಯೇ.

ಹತ್ತು ನಿಮಿಷ ಹೊರಗಿಟ್ಟ ಮೇಲೆ ಕರಗಿ ನೀರಾಯಿತು. ನೋಡಲಿಕ್ಕೆ ಏನೂ ವ್ಯತ್ಯಾಸ ಇಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು, ಬಿಸಾಡಿ ಅಂದರು. ಪೆಟ್ಟಿಗೆಯ ಮೇಲೆ ಬರೆದೇ ಇದೆ, 2ರಿಂದ 8 ಡಿಗ್ರಿ ಒಳಗೆ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು ಅಂತ. ಹಾಗಾದರೆ ನನ್ನ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಎಲ್ಲಿ ಇದೆ? ಅದನ್ನು ಹೇಳುವವರು ಯಾರು?

ನನ್ನ ಫ್ರಿಜ್ಜಿನಲ್ಲಿ ಡಿಗ್ರಿ ಅನ್ನುವ ಮಾತೇ ಇಲ್ಲ. ಒಂದರಿಂದ ಏಳರವರೆಗೆ ಅಂಕೆ ಇದೆ. ಐದು ಅಂದ್ರೆ ಐದು ಡಿಗ್ರಿ ಅಂತ ಅತ್ತೆ ಇಷ್ಟು ವರ್ಷ ನಂಬಿದ್ದರು. ಅವರು ನಂಬಿದ್ದರಲ್ಲಿ ತಪ್ಪೇನಿದೆ? ಏಳು ಅಂದ್ರೆ ಜಾಸ್ತಿ ತಂಪೋ ಕಡಿಮೆ ತಂಪೋ ಅಂತ ಈಗಲೂ ನಮ್ಮ ಮನೆಯಲ್ಲಿ ಒಮ್ಮತ ಇಲ್ಲ.

ಇನ್ಸುಲಿನ್ ಬಿಸಾಡಿದ ವಾರ ಮಂಗಳೂರಿಗೆ ಹೋಗುವುದಿತ್ತು. ಅಲ್ಲಿ ಬಣ್ಣದ ಮೀನು ಮಾರುವ ಅಂಗಡಿಯಿಂದ ಅಕ್ವೇರಿಯಂಗೆ ಹಾಕುವ ಥರ್ಮಾಮೀಟರ್ ನಾಲ್ಕು ತಂದೆ. ತುದಿಗೆ ಉದ್ದದ ವಯರು, ವಯರಿನ ಕೊನೆಗೆ ಸಣ್ಣ ಗುಂಡಿ, ಈಚೆ ಕಡೆ ಅಂಕೆ ತೋರಿಸುವ ಪುಟ್ಟ ಡಬ್ಬಿ. ಗುಂಡಿಯನ್ನು ನೀರು ತುಂಬಿದ ಲೋಟದಲ್ಲಿ ಮುಳುಗಿಸಿ ಲೋಟಗಳನ್ನು ಬೇರೆ ಬೇರೆ ಕಡೆ ಇಟ್ಟೆ, ವಯರನ್ನು ಬಾಗಿಲಿನ ರಬ್ಬರಿನ ಸಂದಿಯಿಂದ ಹೊರಗೆ ತಂದೆ. ಗಾಳಿಯಲ್ಲೇ ಇಟ್ಟರೆ ಬಾಗಿಲು ತೆಗೆದ ಕೂಡಲೇ ಅಂಕೆ ಹಾರಾಡುತ್ತದೆ, ನೀರಿನಲ್ಲಿ ಇಟ್ಟರೆ ತಿನ್ನುವ ವಸ್ತುವಿನ ಬಿಸಿ ಎಷ್ಟು ಅಂತ ಸರಿಯಾಗಿ ತಿಳಿಯುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟೆ.

ತಿರುಗಣೆ ಮೂರರಲ್ಲಿ ಇರುವಾಗ ಮೇಲಿನ ತಟ್ಟೆಯ ಹಿಂಬದಿ 1 ಡಿಗ್ರಿ, ನಡುವಿನ ತಟ್ಟೆ 5, ತರಕಾರಿ ಡಬ್ಬಿ 9, ಬಾಗಿಲು 10. ಐದಕ್ಕೆ ತಿರುಗಿಸಿದ ಮೇಲೆ ಬಾಗಿಲು ಬರೇ 8ಕ್ಕೆ ಇಳಿಯಿತು, ಮೇಲಿನ ತಟ್ಟೆಯ ಲೋಟದಲ್ಲಿ ಮಾತ್ರ ನೀರಿನ ಮೇಲೆ ಐಸಿನ ಕೆನೆ. ಒಂದೇ ಪೆಟ್ಟಿಗೆಯ ಒಳಗೆ, ಒಂದು ಮೊಳ ದೂರದಲ್ಲಿ, ಒಂದು ಕಡೆ ಹಾಲು ಹುಳಿಯಾಗುತ್ತದೆ, ಇನ್ನೊಂದು ಕಡೆ ಮದ್ದು ಕಲ್ಲಾಗುತ್ತದೆ. ಎರಡನ್ನೂ ಸರಿ ಮಾಡುವ ಅಂಕೆ ಆ ಏಳರಲ್ಲಿ ಒಂದೂ ಇಲ್ಲ. ನಾನು ಏಳನ್ನೂ ನೋಡಿದ್ದೇನೆ. ಒಂದೊಂದಕ್ಕೂ ಒಂದೊಂದು ರಾತ್ರಿ. ಮನೆಯವರು ನನಗೆ ಮರುಳು ಅಂದರು.

ಯಾಕೆ ಹೀಗೆ ಅಂತ ರಿಪೇರಿಯ ಹುಡುಗ ಹಿಂದಿನ ತಗಡು ಬಿಚ್ಚಿ ತೋರಿಸಿದ. ನಮ್ಮದು ಎರಡು ಬಾಗಿಲಿನ, ಐಸು ಕಟ್ಟದ ಜಾತಿಯದ್ದು. ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರಿನ ಬೆನ್ನ ಹಿಂದೆ. ಅಲ್ಲಿ ಒಂದು ಸಣ್ಣ ಫ್ಯಾನು. ಅದು ಸೊನ್ನೆಗಿಂತ ಎಷ್ಟೋ ಕೆಳಗಿನ ಗಾಳಿಯನ್ನು ಫ್ರೀಜರಿಗೆ ಊದುತ್ತದೆ, ಅದರಲ್ಲೇ ಒಂದು ಪಾಲು ಕಿಂಡಿಯ ಮೂಲಕ ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಆ ಕಿಂಡಿ ತೆರೆದುಕೊಳ್ಳುವುದು ನಾನು ಇನ್ಸುಲಿನ್ ಇಟ್ಟ ಜಾಗದ ಮುಂದೆಯೇ. ನಾನು ಮಾವನ ಮದ್ದನ್ನು ಸೀದಾ ಫ್ರೀಜರಿನ ಗಾಳಿಗೆ ಹಿಡಿದಿದ್ದೆ! ಇದನ್ನು ನನಗೆ ಮೊದಲೇ ಹೇಳಬಹುದಿತ್ತಲ್ವಾ? ಕಿಂಡಿಯ ಎದುರು ಒಂದು ಗುರುತು, ಇಲ್ಲಿ ಮದ್ದು ಇಡಬೇಡಿ ಅಂತ ಒಂದು ಚಿತ್ರ, ಅದಕ್ಕೆ ಎಷ್ಟು ಖರ್ಚು?

ತಿರುಗಣೆಗಳು ಎರಡು ಇವೆ. ಫ್ರೀಜರಿಗೊಂದು, ಕೆಳಗಿನದ್ದಕ್ಕೊಂದು. ಎರಡು ತಿರುಗಣೆ ನೋಡಿದರೆ ಯಾರಾದರೂ ಏನು ತಿಳಿಯುತ್ತಾರೆ? ಎರಡು ಕೋಣೆಗೆ ಎರಡು ಬೇರೆ ಬೇರೆ ಹಿಡಿತ ಅಂತ. ಹಾಗಲ್ಲವಂತೆ. ಕಂಪ್ರೆಸರ್ ಒಂದು, ತಂಪು ಹುಟ್ಟುವ ಸುರುಳಿ ಒಂದು. ಒಂದು ತಿರುಗಣೆ ಕಂಪ್ರೆಸರನ್ನು ಎಬ್ಬಿಸಿ ಮಲಗಿಸುತ್ತದೆ, ಇನ್ನೊಂದು ಗಾಳಿಯ ಪಾಲು ಮಾಡುತ್ತದೆ, ಅಷ್ಟೆ. ಫ್ರೀಜರಿಗೆ ಜಾಸ್ತಿ ಗಾಳಿ ಕೊಟ್ಟರೆ ಕೆಳಗೆ ಕಡಿಮೆಯಾಗುತ್ತದೆ. ಕೆಳಗೆ ತಂಪು ಬರಲಿಲ್ಲ ಅಂತ ಕಂಪ್ರೆಸರ್ ಇನ್ನಷ್ಟು ಹೊತ್ತು ಓಡುತ್ತದೆ, ಆಗ ಫ್ರೀಜರ್ ಇನ್ನೂ ತಣ್ಣಗಾಗುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದೂ ಕದಲುತ್ತದೆ. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಎರಡು ಅಡಿಗೆ ಮಾಡಿದ ಹಾಗೆ.

ನಮ್ಮ ಹಳೆ ಮನೆಯ ವಿಷಯ ಸ್ವಲ್ಪ ಹೇಳಲೇಬೇಕು. ಅಜ್ಜಿಯ ಕಾಲದ ಆ ಮನೆಯಲ್ಲಿ ಫ್ರಿಜ್ಜು ಇರಲಿಲ್ಲ. ಆದರೆ ಒಂದೊಂದು ವಸ್ತುವಿಗೆ ಒಂದೊಂದು ಜಾಗ ಇತ್ತು. ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನ ಪಕಾಸಿಗೆ ನೇತು ಹಾಕುತ್ತಿದ್ದರು, ತಿಂಗಳುಗಟ್ಟಲೆ ಹಾಳಾಗುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಲ್ಲಿ ಹುಳಿ, ಹಪ್ಪಳ, ಬೀಜದ ಧಾನ್ಯ. ಕತ್ತಲೆ ಕೋಣೆಯ ಮೂಲೆಯಲ್ಲಿ ಮಿಡಿ ಉಪ್ಪಿನಕಾಯಿ ಮತ್ತು ಉಪ್ಪು ಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಭರಣಿ. ಹಾಲು ಮೊಸರು ತೂಗುಹಾಕಿದ ಹಗ್ಗದ ಸಿಕ್ಕದಲ್ಲಿ, ಬೆಕ್ಕಿಗೂ ಇರುವೆಗೂ ಎಟುಕದ ಹಾಗೆ. ಸೊಪ್ಪು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಚ್ಚಲಿನ ಹತ್ತಿರ, ಬಾಳೆಗೊನೆ ಜಗಲಿಯಲ್ಲಿ. ಒಂದು ಮನೆಯೊಳಗೆ ಆರು ಹವೆ! ಈಗ ಅಷ್ಟನ್ನೂ ತಂದು ಎರಡು ಹವೆಯ ಒಂದು ಕಪಾಟಿನೊಳಗೆ ತುಂಬುತ್ತೇವೆ. ಆಮೇಲೆ ಬಾಳೆಹಣ್ಣು ಕಪ್ಪಾಯಿತು, ಬೆಂಡೆ ಲೋಳೆಯಾಯಿತು ಅಂತ ಗೋಳಾಡುತ್ತೇವೆ.

ಬಾಳೆಹಣ್ಣಿಗೆ ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪು ಆಗುವುದಿಲ್ಲ, ಸಿಪ್ಪೆ ಕಪ್ಪಗಾಗುತ್ತದೆ, ಕಾಯಿಯಾಗಿದ್ದರೆ ಆಮೇಲೆ ಸರಿಯಾಗಿ ಹಣ್ಣೂ ಆಗುವುದಿಲ್ಲ. ಬಲಿತ ಮಾವಿನಕಾಯಿಯದ್ದೂ ಹೆಚ್ಚುಕಡಿಮೆ ಹಾಗೆಯೇ. ಬದನೆ, ಬೆಂಡೆ, ಮುಳ್ಳುಸೌತೆಗೆ ಹತ್ತರ ಆಸುಪಾಸು ಬೇಕು. ಕೊತ್ತಂಬರಿ ಸೊಪ್ಪಿಗೆ, ಕ್ಯಾರೆಟ್ಟಿಗೆ ಸೊನ್ನೆಯ ಹತ್ತಿರ ಇದ್ದಷ್ಟೂ ಒಳ್ಳೆಯದು, ಜತೆಗೆ ಪಸೆ ಬೇಕು. ಹಾಲು, ಮೊಸರು, ನಿನ್ನೆಯ ಕೊದಿಲು (ನಮ್ಮ ಕಡೆಯ ಸಾಂಬಾರು), ತೆಂಗಿನಕಾಯಿ ಅರೆದ ಮಸಾಲೆ ಇವಕ್ಕೆಲ್ಲ 5ರಿಂದ ಕೆಳಗೆ ಬೇಕು. ಹೋಟೆಲಿನವರು ತಣ್ಣಗಿನ ಆಹಾರವನ್ನು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಬೇಕು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಹೋಟೆಲಿನವರು ಡಿಗ್ರಿ ನೋಡಬೇಕು, ನಾವು ಮಾತ್ರ ಒಂದರಿಂದ ಏಳು ನೋಡಿಕೊಂಡು ಇರಬೇಕು.

ಇದೆಲ್ಲ ನಿಮಗೆ ಹೊಸತಲ್ಲ. ಫ್ರಿಜ್ಜು ಪರೀಕ್ಷೆಗೆ ಐಇಸಿ 62552 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆಯಲ್ಲ, ಅದರಲ್ಲಿ ಕೋಣೆಗಳ ಪಟ್ಟಿಯೇ ಇದೆ. 17 ಡಿಗ್ರಿಯ ಪ್ಯಾಂಟ್ರಿ, 12 ಡಿಗ್ರಿಯ ಸೆಲ್ಲಾರ್, 4 ಡಿಗ್ರಿಯ ಮಾಮೂಲಿ ಕೋಣೆ, ಮೈನಸ್ 3ರಿಂದ 3ರ ನಡುವಿನ ಚಿಲ್ ಕೋಣೆ, ಮೈನಸ್ 18ರ ಫ್ರೀಜರ್. ಪಟ್ಟಿ ಓದಿ ನನಗೆ ನಗು ಬಂತು. ಅಜ್ಜಿಯ ಜಗಲಿ, ಕತ್ತಲೆ ಕೋಣೆ ಎಲ್ಲ ಅದರಲ್ಲಿ ಇದೆ! ಕಾಗದದಲ್ಲಿ ಇಷ್ಟೊಂದು ಕೋಣೆ ಇಟ್ಟುಕೊಂಡು ನಮ್ಮಂಥವರು ಕೊಳ್ಳುವ ಫ್ರಿಜ್ಜಿಗೆ ಎರಡನ್ನೇ ಕೊಡುತ್ತೀರಿ. 12 ಡಿಗ್ರಿಯ ಒಂದು ಡ್ರಾಯರ್ ಕೊಟ್ಟರೆ ನಮ್ಮ ಕಡೆಯ ತರಕಾರಿ, ಹಣ್ಣು ಮುಕ್ಕಾಲು ಪಾಲು ಅದರಲ್ಲಿ ಬದುಕುತ್ತದೆ.

ದೋಸೆ ಹಿಟ್ಟು ಕೂಡ. ಏಪ್ರಿಲ್ ತಿಂಗಳಲ್ಲಿ ಸಂಜೆ ಕಡೆದಿಟ್ಟ ಹಿಟ್ಟು ಬೆಳಗಿನ ಜಾವ ನಾಲ್ಕಕ್ಕೆ ಪಾತ್ರೆ ದಾಟಿ ಕಟ್ಟೆಯ ಮೇಲೆ ಹರಿದಿರುತ್ತದೆ, ಹುಳಿ ಬೇರೆ. ಫ್ರಿಜ್ಜಿಗೆ ಇಟ್ಟರೆ ಉಬ್ಬುವುದೇ ಇಲ್ಲ. ನಡುವೆ ಎಲ್ಲೋ ಒಂದು ಹವೆ ಬೇಕು, ನಿಧಾನಕ್ಕೆ ಹುದುಗಿ ಬೆಳಿಗ್ಗೆ ಏಳಕ್ಕೆ ಸರಿಯಾಗುವ ಹಾಗೆ. ಈಗ ನಾನು ಮಾಡುವುದು ಏನೆಂದರೆ, ಹನ್ನೊಂದಕ್ಕೆ ಮಲಗುವ ಮೊದಲು ಹಿಟ್ಟಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸುವುದು. ಫ್ರಿಜ್ಜು ಪಕ್ಕದಲ್ಲೇ ಗುಂಯ್ ಅನ್ನುತ್ತಾ ನಿಂತಿರುತ್ತದೆ.

ಇನ್ನು ಜಾಗದ ವಿಷಯ. ನಾನು ಹೆಚ್ಚು ಲೀಟರಿನ ಫ್ರಿಜ್ಜು ಕೇಳುತ್ತಿಲ್ಲ, ಇರುವ ಜಾಗ ಕದಲಬೇಕು ಅಂತ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಮಾಮೂಲಿ ದಿನ ಐದು ಜನ. ತಿಥಿಯೋ ಪೂಜೆಯೋ ಬಂದರೆ ನಲವತ್ತು. ಹಿಂದಿನ ದಿನ ಸಂಜೆ ಹತ್ತು ಲೀಟರ್ ಮೊಸರಿನ ಸ್ಟೀಲ್ ಡಬ್ಬ ಒಳಗೆ ಹೋಗಬೇಕು. ಗಾಜಿನ ತಟ್ಟೆಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಡಬ್ಬ ಅದಕ್ಕಿಂತ ನಾಲ್ಕು ಬೆರಳು ಎತ್ತರ. ತಟ್ಟೆ ಸರಿಸಬಹುದು ಅಂತ ಪುಸ್ತಕದಲ್ಲಿ ಇದೆ. ಸರಿಸಲಿಕ್ಕೆ ಎರಡೇ ಗೀರು, ಎರಡರಲ್ಲೂ ಡಬ್ಬ ಹಿಡಿಯುವುದಿಲ್ಲ. ತಟ್ಟೆಯನ್ನೇ ತೆಗೆದರೆ ಡಬ್ಬ ಹಿಡಿಯುತ್ತದೆ, ತಟ್ಟೆಯ ಮೇಲಿದ್ದ ಹದಿನೈದು ಪಾತ್ರೆ ನೆಲದ ಮೇಲೆ. ಅರ್ಧ ತಟ್ಟೆ ಮಡಚುವ ಹಾಗಿದ್ದರೆ? ಎರಡು ತುಂಡಿನ ತಟ್ಟೆ, ಒಂದು ಮೇಲೆ ಒಂದು ಕೆಳಗೆ, ಬೆರಳಷ್ಟು ಅಂತರಕ್ಕೊಂದು ಗೀರು. ಪುಸ್ತಕದ ಕಪಾಟಿಗೆ ಆಚಾರಿ ಇದನ್ನು ಯಾವಾಗಲೋ ಮಾಡಿದ್ದಾನೆ.

ಬಾಗಿಲಿನಲ್ಲಿ ಹನ್ನೆರಡು ಗುಳಿಯ ಮೊಟ್ಟೆ ತಟ್ಟೆ ಇದೆ. ನಮ್ಮದು ಮೊಟ್ಟೆ ತಿನ್ನದ ಮನೆ. ಆ ಗುಳಿಗಳಲ್ಲಿ ಈಗ ನಿಂಬೆಹಣ್ಣು ಮೂರು, ಜಾಯಿಕಾಯಿ, ಟಾರ್ಚಿನ ಸೆಲ್ಲು, ಮೊಮ್ಮಗನ ಕಣ್ಣಿನ ಮದ್ದು ಮತ್ತು ಯಾರದ್ದು ಅಂತ ಗೊತ್ತಿಲ್ಲದ ಒಂದು ಬಟನ್ ಇದೆ. ಬಿಚ್ಚಲಿಕ್ಕೆ ಬರುವುದಿಲ್ಲ.

ಮುಸುರೆಯ ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅನ್ನ ತಾಗಿದ ಪಾತ್ರೆಯೂ ದೇವರ ಹಾಲು ಮೊಸರೂ ಒಂದೇ ತಟ್ಟೆಯಲ್ಲಿ ಇರುವುದು ನಮ್ಮ ಅತ್ತೆಗೆ ಆಗುವುದಿಲ್ಲ. ನನಗೆ ಅದು ಅಷ್ಟು ಮುಖ್ಯ ಅಲ್ಲ, ಆದರೆ ಅವರ ಮನೆ, ಅವರ ನಡವಳಿಕೆ. ಹಾಗಾಗಿ ಮೇಲಿನ ತಟ್ಟೆ ದೇವರಿಗೆ, ಕೆಳಗಿನದ್ದು ಊಟದ್ದಕ್ಕೆ. ಮೇಲಿನ ತಟ್ಟೆ ಅರ್ಧ ಖಾಲಿ ಇರುತ್ತದೆ, ಕೆಳಗೆ ಪಾತ್ರೆಯ ಮೇಲೆ ಪಾತ್ರೆ. ಒಂದು ಅಡ್ಡಹಲಗೆ ಇದ್ದರೆ, ಬೇಕಾದಲ್ಲಿ ಸಿಕ್ಕಿಸುವಂಥದ್ದು, ಇಪ್ಪತ್ತು ವರ್ಷದ ಒಂದು ತಕರಾರು ಮುಗಿಯುತ್ತಿತ್ತು. ಪಕ್ಕದ ಮನೆಯಲ್ಲಿ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಕುಟುಂಬ. ಅವರಿಗೂ ಅಡ್ಡಹಲಗೆ ಬೇಕು, ಮೀನನ್ನೂ ಹಾಲನ್ನೂ ಬೇರೆ ಇಡಲಿಕ್ಕೆ. ಕಾರಣ ಬೇರೆ, ಹಲಗೆ ಒಂದೇ.

ಅವರ ಫ್ರೀಜರ್ ಮೇ ಕೊನೆಗೆ ಬಾಗಿಲು ಹಾಕಲಾಗದಷ್ಟು ತುಂಬಿರುತ್ತದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ದೊಡ್ಡ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನಿನ ರೇಟು ಏರುವ ಮೊದಲೇ ಅವರು ಬಂಗುಡೆ, ಅಂಜಲ್ ಶುಚಿ ಮಾಡಿ ಮಸಾಲೆ ಹಚ್ಚಿ ಡಬ್ಬಗಳಲ್ಲಿ ತುಂಬಿಸುತ್ತಾರೆ. ವರ್ಷದ ಹೆಚ್ಚು ಕಾಲ ನಮ್ಮ ಫ್ರೀಜರಿನಲ್ಲಿ ಏನಿರುತ್ತದೆ? ಒಂದು ಡಬ್ಬ ತೆಂಗಿನ ತುರಿ, ಐಸಿನ ತಟ್ಟೆ, ಮಕ್ಕಳ ಐಸ್ಕ್ಯಾಂಡಿ. ಉಳಿದದ್ದು ಬರೇ ಗಾಳಿ. ಆ ಗಾಳಿಯನ್ನು ಮೈನಸ್ 18ರಲ್ಲಿ ಇಡಲಿಕ್ಕೆ ಎರಡು ತಿಂಗಳಿಗೊಮ್ಮೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಗೆ ದುಡ್ಡು ಕಟ್ಟುತ್ತೇವೆ. ಹಲಸಿನ ಕಾಲ ಬಂತೆಂದರೆ ನಮ್ಮದೂ ತುಂಬುತ್ತದೆ, ಸೊಳೆ ಬಿಡಿಸಿ ಹಾಕಿಡುತ್ತೇವೆ, ಮಳೆಗಾಲದ ಆಟಿ ತಿಂಗಳಲ್ಲಿ ಕೊಟ್ಟಿಗೆ ಅನ್ನುವ ಕಡುಬಿಗೆ, ಪಾಯಸಕ್ಕೆ ಆಗುತ್ತದೆ. ಒಂದೇ ಗೋಡೆಯ ಆಚೆ ಈಚೆ ಎರಡು ಮನೆ, ಒಂದೇ ಮಾದರಿಯ ಫ್ರಿಜ್ಜು, ಅವರಿಗೆ ಫ್ರೀಜರ್ ಸಾಲುವುದಿಲ್ಲ, ನಮಗೆ ವರ್ಷದ ಎಂಟು ತಿಂಗಳು ಬೇಡ.

ಫ್ರೀಜರನ್ನೇ ಫ್ರಿಜ್ಜಾಗಿ ಬದಲಾಯಿಸುವ ಮಾದರಿಗಳು ಬಂದಿವೆ, ಗೊತ್ತು. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಇದೆ. ಕನ್ವರ್ಟಿಬಲ್ ಅಂತಾರೆ. ಗುಂಡಿ ಒತ್ತಿದರೆ ಮೇಲಿನ ಕೋಣೆ ಮೈನಸ್ಸಿನಿಂದ ಏರಿ ಹಾಲು ಇಡುವ ಹದಕ್ಕೆ ಬರುತ್ತದೆ. ಒಳ್ಳೆಯ ಕೆಲಸ, ನಿಜವಾಗಿಯೂ. ಅವನದ್ದರಲ್ಲಿ ಮೇಲೆ ಕೆಳಗೆ ಬೇರೆ ಬೇರೆ ಸುರುಳಿ, ಬೇರೆ ಬೇರೆ ಫ್ಯಾನು, ಹಾಗಾಗಿ ಒಂದರ ಗಾಳಿ ಇನ್ನೊಂದಕ್ಕೆ ಹೋಗುವುದಿಲ್ಲ. ಇದರ ಬೆಲೆ ಗೊತ್ತಾಗಬೇಕಿದ್ದರೆ ಮೇ ತಿಂಗಳಲ್ಲಿ ನಮ್ಮ ಮನೆಗೆ ಬನ್ನಿ. ಹಲಸಿನ ಹಣ್ಣು ಕೆಳಗಿನ ತಟ್ಟೆಯಲ್ಲಿ ಇಟ್ಟ ಎರಡನೆಯ ದಿನಕ್ಕೆ ಐಸಿನ ತುಂಡೂ ಹಲಸಿನ ವಾಸನೆ. ಬಂದ ನೆಂಟರಿಗೆ ನಿಂಬೆ ಶರಬತ್ತು ಕೊಟ್ಟರೆ ಮೂಗರಳಿಸಿ, ಹಲಸಿನ ಹಣ್ಣಿನ ಶರಬತ್ತಾ ಅಂತ ಕೇಳುತ್ತಾರೆ. ಗಾಳಿ ಒಂದೇ ಆದ ಮೇಲೆ ವಾಸನೆಯೂ ಒಂದೇ ಅಲ್ವಾ.

ಆದರೆ ಮಗನ ಫ್ರಿಜ್ಜಿನ ಬಗ್ಗೆಯೂ ತಕರಾರು ಇದೆ. ಅದರಲ್ಲಿ ಮೋಡುಗಳ ಹೆಸರು ಪಾರ್ಟಿ, ವೆಕೇಶನ್, ಇನ್ನೂ ಏನೇನೋ. ಯಾವುದು ಎಷ್ಟು ಡಿಗ್ರಿ ಅಂತ ನೋಡಲಿಕ್ಕೆ ಪುಸ್ತಕ ಹುಡುಕಬೇಕು. ನಮಗೆ ವೆಕೇಶನ್ ಇಲ್ಲ, ತಿಥಿ ಇದೆ. ಹೆಸರು ಇಟ್ಟು ಇಟ್ಟು ಡಿಗ್ರಿಯನ್ನು ಯಾಕೆ ಮುಚ್ಚುತ್ತೀರಿ? ಅಂಕೆಗೆ ಭಾಷೆ ಇಲ್ಲ. ನಮ್ಮ ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ. ಅಂಗಡಿ ಕೇರಳದ್ದು ಅಂತ ಪುಸ್ತಕದಲ್ಲಿ ಇಂಗ್ಲಿಷು, ಹಿಂದಿ, ಅದೃಷ್ಟ ಇದ್ದರೆ ಮಲಯಾಳ. ಮಾವ ಓದಿದ್ದು ಈ ಊರು ಮದ್ರಾಸಿಗೆ ಸೇರಿದ್ದಾಗ, ಕನ್ನಡ ಶಾಲೆಯಲ್ಲಿ. 1956ರಲ್ಲಿ ಗಡಿ ಎಳೆದದ್ದು ಅವರನ್ನು ಕೇಳಿ ಅಲ್ಲ. ಎಂಬತ್ತು ದಾಟಿದ ಅವರಿಗೆ ಪುಸ್ತಕ ಓದಲಾಗದಿದ್ದರೂ, 4 ಅಂತ ಅಂಕೆ ಕಂಡರೆ ತಮ್ಮ ಮದ್ದು ಎಲ್ಲಿರಬೇಕು ಅಂತ ಅವರೇ ನೋಡಿಕೊಳ್ಳುತ್ತಾರೆ.

ಒಬ್ಬರು ಹೇಳಿದರು, ಇಷ್ಟೆಲ್ಲ ರಗಳೆ ಯಾಕೆ, ಮಣ್ಣಿನ ಫ್ರಿಜ್ಜು ತನ್ನಿ ಅಂತ. ಗುಜರಾತಿನ ವಾಂಕಾನೇರಿನ ಮನ್ಸುಖಭಾಯಿ ಪ್ರಜಾಪತಿ ಮಾಡಿದ ಮಿಟ್ಟಿಕೂಲ್, ಕರೆಂಟೇ ಬೇಡ. ಅವರ ಕೆಲಸದ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ಅದು ತಂಪಾಗುವುದು ನೀರು ಆವಿಯಾಗಿ, ಒಣ ಹವೆಯಲ್ಲಿ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ. ಜುಲೈಯಲ್ಲಿ ಹಗ್ಗಕ್ಕೆ ಹಾಕಿದ ಟವೆಲ್ ಮೂರು ದಿನವಾದರೂ ಒಣಗುವುದಿಲ್ಲ, ಮಣ್ಣಿನ ಗೋಡೆಯ ನೀರು ಎಲ್ಲಿ ಆವಿಯಾಗಬೇಕು? ಒಂದೊಂದು ಊರಿನ ಹವೆಗೆ ಒಂದೊಂದು ಉಪಾಯ ಬೇಕು ಅನ್ನುವುದನ್ನು ಆ ಪುಣ್ಯಾತ್ಮ ತನ್ನ ಊರಿಗೆ ಮಾಡಿ ತೋರಿಸಿದ್ದಾನೆ, ನಮ್ಮ ಊರಿಗೆ ಯಾರೂ ಮಾಡಿಲ್ಲ.

ಕರೆಂಟಿನ ಮಾತು ಬಂತಲ್ಲ. ಮಳೆಗಾಲದಲ್ಲಿ ಒಂದು ಅಡಿಕೆ ಮರ ಲೈನಿನ ಮೇಲೆ ಬಿದ್ದರೆ ಆರು ಗಂಟೆ, ಎಂಟು ಗಂಟೆ ಕರೆಂಟಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಭಾಗ ನಾಲ್ಕು ಗಂಟೆಯಷ್ಟು ಹೊತ್ತು ತಡೆಯುತ್ತದೆ, ಆಮೇಲೆ ಕಷ್ಟ. ನಾನು ಖಾಲಿ ಫ್ರೀಜರಿನಲ್ಲಿ ನೀರಿನ ಬಾಟಲಿ ಐಸು ಮಾಡಿ ಇಡುತ್ತೇನೆ, ಕರೆಂಟು ಹೋದ ಕೂಡಲೇ ಎರಡನ್ನು ಕೆಳಗಿನ ಮೇಲ್ತಟ್ಟೆಗೆ ಇಳಿಸುತ್ತೇನೆ. ಒಂದು ಕಿಲೋ ಐಸು ಕರಗುವಾಗ ಹೀರುವ ಬಿಸಿ, ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸುವಷ್ಟು. ಸುಮ್ನೆ ಖಾಲಿ ಬಿದ್ದಿರುವ ಫ್ರೀಜರಿಗೆ ಇದಕ್ಕಿಂತ ಒಳ್ಳೆ ಕೆಲಸ ಉಂಟಾ? ನೀವೇ ಅದಕ್ಕೆ ಸರಿಯಾಗಿ ಕೂರುವ ಚಪ್ಪಟೆ ಡಬ್ಬ ಮಾಡಿ, ಮೇಲ್ತಟ್ಟೆಯ ಅಡಿಗೆ ಜಾರಿಸಿ ಕೂರಿಸುವ ಹಾಗೆ ಜಾಗ ಕೊಡಿ.

ತುಲಾ ಮಾಸದ ಸಿಡಿಲಿನ ವಿಷಯವೂ ಇದೆ. ಅಕ್ಟೋಬರ್ ತಿಂಗಳ ಸಂಜೆ ನಮ್ಮಲ್ಲಿ ಗುಡುಗು ಮಿಂಚು ಜೋರು. ನೀವು ಡಿಗ್ರಿ ತೋರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಹಾಕಿದರೆ ಅದು ಸಿಡಿಲಿಗೆ ಸುಡುತ್ತದೆ. ಸಿಡಿಲಿಗೆ ಸುಡದಿದ್ದರೆ ಹಿಂದಿನಿಂದ ಹಲ್ಲಿ ನುಗ್ಗಿ ಶಾರ್ಟ್ ಆಗುತ್ತದೆ. ತಂಗಿಯ ಮನೆಯಲ್ಲಿ ಹಾಗೆಯೇ ಆಯಿತು, ಬೋರ್ಡು ಬರಲು ಇಪ್ಪತ್ತೆರಡು ದಿನ, ಅಷ್ಟು ದಿನ ಆ ಫ್ರಿಜ್ಜು ಬಟ್ಟೆ ಇಡುವ ಕಪಾಟಿಗೂ ಆಗದ ಒಂದು ಪೆಟ್ಟಿಗೆ. ಅದಕ್ಕೇ ರಿಪೇರಿಯ ಹುಡುಗ ಹೇಳುವುದು, ಅಕ್ಕ, ಹಳೆ ತಿರುಗಣೆಯದ್ದೇ ತೆಗೆದುಕೊಳ್ಳಿ, ನಾನು ಅರ್ಧ ಗಂಟೆಯಲ್ಲಿ ಸರಿ ಮಾಡಿ ಕೊಡ್ತೇನೆ ಅಂತ. ಅವನ ಮಾತೂ ಸರಿ. ನಾನು ಡಿಗ್ರಿ ಕೇಳುತ್ತಿದ್ದೇನೆ, ಅವನು ಬೋರ್ಡ್ ಬೇಡ ಅನ್ನುತ್ತಾನೆ. ಈ ಎರಡನ್ನೂ ಕೂಡಿಸುವುದು ನಿಮ್ಮ ಕೆಲಸ. ಬೋರ್ಡು ಹೋದರೂ ಕಂಪ್ರೆಸರ್ ಓಡಿಸಲು ಒಂದು ಸಾದಾ ಥರ್ಮೋಸ್ಟಾಟ್ ಉಳಿಯಲಿ. ಡಿಗ್ರಿ ತೋರಿಸಲಿಕ್ಕೆ ನಾನು ತಂದಂಥ, ಸೆಲ್ಲು ಹಾಕಿ ನಡೆಯುವ ಥರ್ಮಾಮೀಟರೇ ಸಾಕು, ಕೋಣೆಗೆ ಒಂದರಂತೆ. ಬೋರ್ಡಿನ ಪೆಟ್ಟಿಗೆಗೆ ಹಲ್ಲಿ ನುಗ್ಗದ ಮುಚ್ಚಳ ಹಾಕಿ.

ಕಷ್ಟ ಏನು ಅಂತ ನನಗೂ ಸ್ವಲ್ಪ ಗೊತ್ತಾಗಿದೆ. ಕೋಣೆ ಜಾಸ್ತಿಯಾದಷ್ಟೂ ನಡುವೆ ಗೋಡೆ ಬೇಕು, ಗೋಡೆಗೆ ಫೋಮು ಬೇಕು, ಫೋಮು ಜಾಗ ತಿನ್ನುತ್ತದೆ. ಕದಲುವ ಹಲಗೆಯ ಅಂಚಿನಲ್ಲಿ ಗಾಳಿ ಸೋರುತ್ತದೆ. ಕಿಂಡಿಗೊಂದು ಮೋಟಾರು ಹಾಕಿದರೆ ಕೆಡುವ ವಸ್ತು ಒಂದು ಜಾಸ್ತಿಯಾಯಿತು. ಬೆಲೆ ಏರುತ್ತದೆ. ಹಾಗಾಗಿ ಮಗನ ಮನೆಯದ್ದರಂಥ ಎರಡು ಸುರುಳಿಯ ಫ್ರಿಜ್ಜನ್ನೇ ಎಲ್ಲರಿಗೂ ಕೊಡಿ ಅಂತ ಕೇಳುತ್ತಿಲ್ಲ. ಎರಡು ನೂರೈವತ್ತು ಲೀಟರಿನ ಸಾದಾ ಫ್ರಿಜ್ಜಿನಲ್ಲಿ ಒಂದೇ ಒಂದು ಡ್ರಾಯರ್, ಸುತ್ತ ದಪ್ಪ ಗೋಡೆ, ಕೈಯಲ್ಲಿ ಸರಿಸುವ ಒಂದು ಕಿಂಡಿ, ಮೋಟಾರು ಬೇಡ. ಕಿಂಡಿ ಪೂರ್ತಿ ತೆರೆದರೆ ಸೊನ್ನೆಯ ಹತ್ತಿರ, ಮೀನಿಗೆ, ಸೊಪ್ಪಿಗೆ. ಅರ್ಧ ತೆರೆದರೆ ನಾಲ್ಕು. ಬಹುಪಾಲು ಮುಚ್ಚಿದರೆ ಹನ್ನೆರಡು, ಬೆಂಡೆಗೆ, ಬದನೆಗೆ. ಡ್ರಾಯರಿನ ಮುಖದಲ್ಲಿ ಥರ್ಮಾಮೀಟರ್, ಅಷ್ಟೆ. ಕಿಂಡಿಯನ್ನು ಎಷ್ಟು ಸರಿಸಬೇಕು ಅಂತ ಅಂಕೆ ನೋಡಿಕೊಂಡು ನಾವೇ ಕಲಿಯುತ್ತೇವೆ. ಒಲೆಯ ಬೆಂಕಿಯನ್ನು ಕಣ್ಣಳತೆಯಲ್ಲಿ ಹದ ಮಾಡುವವರಿಗೆ ಇದು ಕಷ್ಟವಾ?

ಸ್ಟಾರ್ ಅಂಟಿಸುವ ಇಂಧನ ದಕ್ಷತಾ ಬ್ಯೂರೋದವರಿಗೂ ಒಂದು ಮಾತು. ಐಸು ಕಟ್ಟದ ಫ್ರಿಜ್ಜಿಗೆ 2010ರಿಂದ ನಿಮ್ಮ ಲೇಬಲ್ ಕಡ್ಡಾಯ. ವರ್ಷಕ್ಕೆ ಎಷ್ಟು ಯೂನಿಟ್, ಎಷ್ಟು ಲೀಟರ್ ಅಂತ ಅದರಲ್ಲಿ ಇರುತ್ತದೆ. ಅದರಿಂದ ನಮಗೆ ಉಪಕಾರವಾಗಿದೆ. ಅದೇ ಕಾಗದದಲ್ಲಿ ಫ್ರಿಜ್ಜಿನ ಒಂದು ಸಣ್ಣ ಚಿತ್ರ ಹಾಕಿ, ಪರೀಕ್ಷೆಯಲ್ಲಿ ಯಾವ ತಟ್ಟೆ ಎಷ್ಟು ಡಿಗ್ರಿ ಇತ್ತು, ಬಾಗಿಲು ಎಷ್ಟಿತ್ತು ಅಂತ ಬರೆಯಿಸಿ. ಅಂಗಡಿಯಲ್ಲಿ ನಿಂತು ನಾನು ಮೊದಲು ನೋಡುವುದು ಅದನ್ನೇ.

ಸದ್ಯಕ್ಕೆ ಮಾವನ ಇನ್ಸುಲಿನ್ ನಡುವಿನ ತಟ್ಟೆಯ ಮುಂಭಾಗದಲ್ಲಿ, ಮುಚ್ಚಳ ಇರುವ ಸ್ಟೀಲ್ ಡಬ್ಬದೊಳಗೆ, ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಕುಳಿತಿದೆ. ಡಬ್ಬದ ಒಳಗೂ ಒಂದು ವಯರು ಹೋಗಿದೆ. ಹಾಲು ಬಾಗಿಲಿನಿಂದ ದೇವರ ತಟ್ಟೆಗೆ ಬಡ್ತಿ ಪಡೆದಿದೆ, ಅತ್ತೆಗೆ ಅದರಲ್ಲಿ ಆಕ್ಷೇಪ ಇಲ್ಲ. ಬಾಗಿಲಿನಲ್ಲಿ ಉಪ್ಪಿನಕಾಯಿ, ನೀರಿನ ಬಾಟಲಿ ಮಾತ್ರ. ಬಾಳೆಗೊನೆ ಮತ್ತೆ ಜಗಲಿಗೆ ಹೋಯಿತು. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಮಾವ ಕನ್ನಡಕ ಹಾಕಿಕೊಂಡು ಬಂದು ನಾಲ್ಕು ಅಂಕೆಯನ್ನೂ ಗಟ್ಟಿಯಾಗಿ ಓದುತ್ತಾರೆ. ಇವತ್ತಿನದ್ದು: ಡಬ್ಬದೊಳಗೆ 5, ದೇವರ ತಟ್ಟೆ 2, ತರಕಾರಿ 9, ಬಾಗಿಲು 11. ನಿನ್ನೆ ರಾತ್ರಿ ಮೊಮ್ಮಗ ಐಸ್ಕ್ಯಾಂಡಿ ಹುಡುಕುತ್ತಾ ಕೆಳಗಿನ ಬಾಗಿಲನ್ನೂ ಸರಿಯಾಗಿ ಹಾಕಿರಲಿಲ್ಲ.

ಇತಿ,
ಬದಿಯಡ್ಕದ ಹತ್ತಿರದ ಒಬ್ಬ ಗೃಹಿಣಿ